ರೋಗದ ಭಿಕ್ಷೆಗೆ ಹೊರಟ ಮಡಿವಾಳಯ್ಯನವರು

ಹಸಿರಾಗಿ ನಳನಳಿಸುವ ಜೋಳದ ಹೊಲವನ್ನು ಕಂಡು ಮುಖ ಸಪ್ಪಗೆ ಮಾಡಿಕೊಳ್ಳುವ ಮನುಷ್ಯರನ್ನು ನನ್ನ ಅರವತ್ತೆಂಟು ವರ್ಷದ ಬಾಳಿನಲ್ಲಿ ನಾನು ಕಂಡದ್ದು ಒಬ್ಬರನ್ನೇ. ಅವರು ಮಡಿವಾಳಯ್ಯನವರು. ಎಲೆಯ ಮೇಲೊಂದು ಚುಕ್ಕೆಯಿಲ್ಲ, ಅಂಚಿನಲ್ಲೊಂದು ಕಲೆಯಿಲ್ಲ, ಗಾಳಿ ಬೀಸಿದರೆ ಇಡೀ ಹೊಲ ಹೊಸ ಸೀರೆಯುಟ್ಟವರ ಹಾಗೆ ಸರಸರ ಸದ್ದು ಮಾಡುತ್ತಿದೆ. ಅಂಥ ಹೊಲದ ಬದುವಿನ ಮೇಲೆ ನಿಂತು ಅವರು “ಇಲ್ಲೇನೂ ಇಲ್ಲಲ್ರೀ” ಎಂದು ನಿಟ್ಟುಸಿರು ಬಿಟ್ಟು, ಊಟಕ್ಕೆ ಕರೆದ ಮನೆಯಲ್ಲಿ ಒಲೆಯೇ ಹೊತ್ತಿರದಿದ್ದುದನ್ನು ಕಂಡ ಅತಿಥಿಯಂತೆ ಹಿಂದಿರುಗುತ್ತಿದ್ದರು. ಅದೇ ಪಕ್ಕದ ಹೊಲದಲ್ಲಿ ಕೆಳಗಿನ ನಾಲ್ಕು ಎಲೆಗಳ ಮೇಲೆ ಯಾರೋ ಇಟ್ಟಿಗೆಯ ಪುಡಿ ಉದುರಿಸಿದಂತೆ ಕೆಂಪು ಕಂಡಿತೋ, ಅವರ ಕಣ್ಣು ಅರಳುತ್ತಿತ್ತು, ಮೊಣಕಾಲು ತಾನಾಗಿ ಮಡಚುತ್ತಿತ್ತು, ಬಾಯಿಂದ “ಆಹಾ, ಭಾಳ ಛಲೋ ಬಂದದ” ಎಂಬ ಉದ್ಗಾರ ಹೊರಡುತ್ತಿತ್ತು. ಆ ಹೊಲದ ಯಜಮಾನ ಹತ್ತಿರದಲ್ಲಿದ್ದರೆ ಅವನ ಮುಖವನ್ನು ನೀವು ನೋಡಬೇಕಿತ್ತು.

ಅವರ ಉದ್ಯೋಗವೇ ಅಂಥದು. ನಮ್ಮ ಕಡೆಯ ಚಿಕ್ಕದೊಂದು ಸಂಶೋಧನಾ ಕೇಂದ್ರದಲ್ಲಿ ಮೂವತ್ತೈದು ವರ್ಷ ಅವರು ಕ್ಷೇತ್ರ ಸಹಾಯಕರಾಗಿ ದುಡಿದರು. ಜೋಳದ ಎಲೆಗೆ ಬರುವ ತುಕ್ಕುರೋಗವನ್ನು ತಡೆದು ನಿಲ್ಲುವ ತಳಿ ಯಾವುದು, ತಡೆಯಲಾರದ್ದು ಯಾವುದು ಎಂಬುದನ್ನು ಪರೀಕ್ಷಿಸುವ ಕೆಲಸ. ನೂರಾರು ತಳಿಗಳನ್ನು ಒಂದೊಂದು ಸಾಲಿನಂತೆ ಬಿತ್ತುತ್ತಾರೆ, ಬೇಕೆಂದೇ ಅವುಗಳ ನಡುವೆ ರೋಗ ಬರಿಸುತ್ತಾರೆ, ಬಂದ ಮೇಲೆ ಗಿಡಗಿಡಕ್ಕೂ ಬಾಗಿ ಎಲೆಯ ಎಷ್ಟು ಪಾಲು ಹಾಳಾಗಿದೆಯೆಂದು ನೋಡಿ ಅಂಕ ಹಾಕುತ್ತಾರೆ. ರೋಗ ಬರದಿದ್ದರೆ ಎಲ್ಲ ತಳಿಯೂ ಶೂರನೇ. ಪರೀಕ್ಷೆಯೇ ನಡೆಯದ ಶಾಲೆಯಲ್ಲಿ ಎಲ್ಲ ಹುಡುಗರೂ ಜಾಣರಿದ್ದಂತೆ. ಆದ್ದರಿಂದಲೇ ಅವರಿಗೆ ಹಸಿರು ಹೊಲವೆಂದರೆ ಆ ತಾತ್ಸಾರ.

ನಡಿಗೆಯನ್ನೂ ಆ ಉದ್ಯೋಗವೇ ತಿದ್ದಿತ್ತು. ಸಾಲುಗಳ ನಡುವಿನ ಗೇಣಗಲದ ಜಾಗದಲ್ಲಿ ಎಲೆಗೆ ಮೈ ತಾಗದಂತೆ ಓರೆಯಾಗಿ ನಡೆದು, ಎರಡು ಹೆಜ್ಜೆಗೊಮ್ಮೆ ನಿಂತು ಬಾಗಿ ಅಭ್ಯಾಸವಾಗಿದ್ದ ಆ ದೇಹ ಸೇಡಂ ಬಜಾರಿನಲ್ಲಿಯೂ ಹಾಗೆಯೇ ನಡೆಯುತ್ತಿತ್ತು. ಎರಡು ಹೆಜ್ಜೆ, ಒಂದು ನಿಲುವು. ಎರಡು ಹೆಜ್ಜೆ, ಒಂದು ನಿಲುವು. ಅವರ ಜೊತೆ ಸಂತೆಗೆ ಹೋದವರು ಮುಂದೆ ಹೋಗಿ ಹಿಂದೆ ತಿರುಗಿ ನೋಡುವುದರಲ್ಲೇ ಕತ್ತು ನೋಯಿಸಿಕೊಳ್ಳುತ್ತಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೈಮೇಲೆ ಬೇಸಿಗೆಯಲ್ಲಿಯೂ ಬಿಡದ ಒಂದು ಖಾಕಿ ಕೋಟು. ಆ ಕೋಟಿಗೆ ಹೊಲಿಗೆಯವನು ಕೊಟ್ಟದ್ದು ನಾಲ್ಕು ಕಿಸೆ, ಅವರ ಮನೆಯವರು ಭುವನೇಶ್ವರಿಯಮ್ಮ ಹಚ್ಚಿಕೊಟ್ಟದ್ದು ಐದು. ಒಂಬತ್ತರಲ್ಲಿಯೂ ಕಾಗದದ ಲಕೋಟೆಗಳು, ಲಕೋಟೆಗಳಲ್ಲಿ ಒಣಗಿದ ಎಲೆಗಳು. ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಟಿಕೇಟು ಕೇಳಿದ ತಪಾಸಣೆಯವನ ಕೈಗೆ ಇವರು ಕಿಸೆಯಿಂದ ತೆಗೆದುಕೊಟ್ಟದ್ದು ಒಂದು ಲಕೋಟೆ. ಅದರ ಮೇಲೆ ಬರೆದದ್ದು ‘ಸಾಲು ೧೧೨, ಕೆಳಗಿನಿಂದ ಮೂರನೆಯ ಎಲೆ’. ಅವನು ಇದೇನೆಂದು ಕೇಳಿದ, ಇವರು ಹೇಳಲಾರಂಭಿಸಿದರು. ಅವನ ಮನೆಯಲ್ಲಿಯೂ ಎಂಟು ಎಕರೆ ಜೋಳವಿತ್ತಂತೆ. ಶಹಾಬಾದ ಬರುವವರೆಗೆ ಇಬ್ಬರೂ ಬಾಗಿಲ ಬಳಿ ನಿಂತು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಟಿಕೇಟು ತೋರಿಸಲು ಇವರು ಮರೆತರು, ನೋಡಲು ಅವನೂ ಮರೆತ.

“ಕೆಳಗಿನ ಎಲಿ ನೋಡ್ರಿ” ಎನ್ನುವುದು ಅವರ ಮಾತಿನ ಚಟ. ತುಕ್ಕು ಮೊದಲು ಹತ್ತುವುದು ಕೆಳಗಿನ ಎಲೆಗೆ. ಮೇಲಿನ ಹಸಿರನ್ನು ನೋಡಿ ಮೋಸ ಹೋಗಬಾರದು. ಹೊಲದಲ್ಲಿ ಇದು ಶಾಸ್ತ್ರ. ಅವರು ಇದನ್ನು ಊರಿಗೂ ಅನ್ವಯಿಸುತ್ತಿದ್ದರು. ನನ್ನ ತಮ್ಮನ ಮಗಳಿಗೆ ಚಿತ್ತಾಪುರದಿಂದ ವರ ಬಂದಾಗ ದೊಡ್ಡ ಮನೆ, ಎರಡು ಟ್ರ್ಯಾಕ್ಟರು ಎಂದೆಲ್ಲ ನಾವು ಹಿಗ್ಗುತ್ತಿದ್ದರೆ, ಇವರು ಕೋಟಿನ ಗುಂಡಿ ತಿರುವುತ್ತ, “ಅವೆಲ್ಲಾ ಮ್ಯಾಲಿನ ಎಲಿ. ಆ ಮನ್ಯಾಗ ಭಾಂಡಿ ತಿಕ್ಕಾಕಿ ಎಷ್ಟು ವರ್ಷದಿಂದ ಇದ್ದಾಳ, ಅದನ್ನ ಕೇಳ್ರಿ” ಎಂದರು. ಕೇಳಿದೆವು. ಇಪ್ಪತ್ತು ವರ್ಷದಿಂದ ಒಬ್ಬಳೇ. ಹುಡುಗಿ ಇಂದು ಆ ಮನೆಯಲ್ಲಿ ಸುಖವಾಗಿದ್ದಾಳೆ.

ಇನ್ನು ಅವರ ಅಂಕಗಳ ಕಥೆ. ಅವರ ಲೆಕ್ಕ ಒಂದರಿಂದ ಒಂಬತ್ತರವರೆಗೆ. ಒಂದೆಂದರೆ ಎಲೆ ನಿರ್ಮಲ, ಒಂಬತ್ತೆಂದರೆ ಎಲೆ ಸುಟ್ಟುಹೋದಂತೆ. ಮೂವತ್ತನಾಲ್ಕು ವರ್ಷ ಹೆಚ್ಚು ಅಂಕ ಪಡೆದವನ ಬೆನ್ನು ತಟ್ಟಿದ ನನ್ನಂಥ ಮಾಸ್ತರನಿಗೆ ಇದು ತಲೆಕೆಳಗಾದ ಲೋಕ. ಅವರು ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬಂದ ದಿನ ನನ್ನ ಹೆಂಡತಿ ಅನಸೂಯಾಬಾಯಿ ಶೇಂಗಾ ಹೋಳಿಗೆ ಮಾಡಿದ್ದಳು. ಇವರು ಎರಡು ತಿಂದು, ಕಣ್ಣು ಮುಚ್ಚಿ, “ಒಂದ್ರೀ ವೈನಿ, ಒಂದು!” ಎಂದು ಬೆರಳೆತ್ತಿ ಹೇಳಿದರು. ಅವಳ ಮುಖ ಕಪ್ಪಿಟ್ಟಿತು. ಇವರು ಹೋದ ಮೇಲೆ ನನಗೆ ಸಹಸ್ರನಾಮ: “ಮುಂಜಾನಿಂದ ಒಲಿ ಮುಂದ ಬೆಂದೀನಿ. ಒಂದಂತ! ನಿಮ್ಮ ಗೆಳ್ಯಾರು ನಿಮಗಿಂತ ಬಿಗಿ ಕೈಯವರು ಬಿಡ್ರಿ.” ಮರುದಿನ ನಾನು ಲೆಕ್ಕ ಬಿಡಿಸಿ ಹೇಳಿದ ಮೇಲೆ ಅವಳು ಎಷ್ಟು ಪ್ರಸನ್ನಳಾದಳೆಂದರೆ, ಅಂದಿನಿಂದ ನನ್ನ ಪ್ರತಿಯೊಂದು ಕೆಲಸಕ್ಕೂ ಆರು, ಏಳು ಎಂದು ಅಂಕ ಹಾಕತೊಡಗಿದಳು.

ನಮ್ಮ ಗೆಳೆತನಕ್ಕೆ ಕಾರಣ ಇಬ್ಬನಿ. ಮಳಖೇಡದಲ್ಲಿ ಕಾಗಿಣಾ ದಂಡೆಗೆ ಹತ್ತಿದಂತೆ ನನ್ನದೊಂದು ಎಕರೆ ಎರೆಹೊಲವಿದೆ. ಚಳಿಗಾಲದಲ್ಲಿ ಹೊಳೆಯ ಮಂಜು ಅದರ ಮೇಲೆ ಬೆಳಗಿನ ಒಂಬತ್ತರವರೆಗೂ ಕುಳಿತಿರುತ್ತದೆ. ಇದನ್ನು ಕಂಡುಹಿಡಿದ ಮಡಿವಾಳಯ್ಯನವರು ನಾಲ್ಕು ವರ್ಷದ ಹಿಂದೆ ನಮ್ಮ ಕಟ್ಟೆಗೆ ಬಂದು ಕುಳಿತು, “ಮಾಸ್ತರ, ನಿಮ್ಮ ಹೊಲದಾಗ ಭಾಳ ಛಂದ ಇಬ್ಬನಿ ಬೀಳ್ತದ್ರಿ. ರೋಗಕ್ಕ ಹೇಳಿ ಮಾಡಿಸಿದ ಜಾಗಾ” ಎಂದು ಹೊಗಳಿದರು. ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ನಾನು ಚಹಾ ತರಿಸಿದೆ. ಚಹಾ ಮುಗಿಯುವಷ್ಟರಲ್ಲಿ ಹತ್ತು ಗುಂಟೆ ಅವರ ಪರೀಕ್ಷೆಗೆ ಸಂದಿತ್ತು.

ಆ ಹತ್ತು ಗುಂಟೆಯಲ್ಲಿ ಅವರಿಗೆ ಪ್ರಾಣವಾಗಿದ್ದ ಸಾಲೊಂದಿತ್ತು. ಅದು ಆಡಕಿ ಊರಿನ ಲತೀಫಾಬಿಯ ಜೋಳ. ಮೂರು ವರ್ಷದ ಹಿಂದೆ ಆಡಕಿಯ ಸುತ್ತಲಿನ ಹೊಲಗಳೆಲ್ಲ ತುಕ್ಕಿನಿಂದ ಕೆಂಪಾಗಿ ನಿಂತಿದ್ದಾಗ ಆಕೆಯ ಹೊಲದ ಒಂದು ಮೂಲೆ ಮಾತ್ರ ಹಸಿರಾಗಿರುವುದನ್ನು ಇವರು ಕಂಡರಂತೆ. ಹಸಿರನ್ನು ಕಂಡು ಅವರು ಹಿಗ್ಗಿದ್ದು ಅದೊಂದೇ ಸಲವಿರಬೇಕು. ಆಕೆಯ ಅತ್ತೆ ತವರಿನಿಂದ ಒಂದು ಕುಡಿಕೆಯಲ್ಲಿ ತಂದ ಬೀಜ. ಸೊಸೆ ಪ್ರತಿ ವರ್ಷ ಬದುವಿನ ಬಳಿ ನಾಲ್ಕು ಸಾಲು ಬಿತ್ತಿ ಅದನ್ನು ಉಳಿಸಿಕೊಂಡು ಬಂದಿದ್ದಳು. ಒಂದು ಹಿಡಿ ಕೇಳಿದಾಗ ಲತೀಫಾಬಿ ಇವರನ್ನು ಮೇಲಿಂದ ಕೆಳಗೆ ನೋಡಿ, “ಕೊಡ್ತೀನಿ ಸ್ವಾಮೇರ. ಖರೇ, ಇದು ನಮ್ಮತ್ತೀದು ಅಂತ ನಿಮ್ಮ ಬುಕ್ಕಿನ್ಯಾಗ ಬರೀಬೇಕು. ಆಕಿ ಹೆಸರು ಎಲ್ಲೂ ಬರ್ದಿಲ್ಲ, ಗೋರಿ ಮ್ಯಾಲೂ ಇಲ್ಲ” ಎಂದಳಂತೆ. ಇವರು ಮಾತು ಕೊಟ್ಟರು.

ಆದರೆ ಪುಸ್ತಕದಲ್ಲಿ ಹೆಸರು ಸೇರುವುದು ಅಷ್ಟು ಸುಲಭವಲ್ಲ. ಸತತ ಮೂರು ವರ್ಷ ಸರಾಸರಿ ಮೂರನ್ನು ಮೀರದ ತಳಿಯನ್ನು ಮಾತ್ರ, ತಂದವರ ಹೆಸರಿನೊಡನೆ ದಾಖಲಿಸಿ, ಹೊಸ ತಳಿ ಕಟ್ಟುವವರ ಕೈಗೆ ಒಪ್ಪಿಸುತ್ತಾರೆ. ಒಂದು ವರ್ಷ ಪರೀಕ್ಷೆ ಕೆಟ್ಟರೆ ಮೊದಲಿನಿಂದ ಮತ್ತೆ ಮೂರು ವರ್ಷ. ನಮ್ಮ ಬಾಯಲ್ಲಿ ಅತ್ತೆಜೋಳವಾಗಿದ್ದ ಆ ತಳಿ ಎರಡು ವರ್ಷ ತೇರ್ಗಡೆಯಾಗಿತ್ತು. ಕಳೆದ ಹಿಂಗಾರಿನದು ಮೂರನೆಯ ವರ್ಷ. ಮಡಿವಾಳಯ್ಯನವರಿಗೆ ಅದು ಕೊನೆಯದು. ಜನವರಿ ಮುಗಿದರೆ ನಿವೃತ್ತಿ. “ನಾ ಹ್ವಾದ ಮ್ಯಾಲೆ ಬಂದವರು ಈ ಒಂದು ಸಾಲಿನ ಸಲುವಾಗಿ ಮತ್ತ ಮೂರು ವರ್ಷ ಬಾಗ್ತಾರೋ ಇಲ್ಲೋ, ಯಾರಿಗೆ ಗೊತ್ತು? ಇದೊಂದು ಕಣ್ಣಾರೆ ನೋಡಿ ಕೋಟು ಬಿಚ್ಚಿಡ್ತೀನ್ರಿ ಮಾಸ್ತರ” ಎನ್ನುತ್ತಿದ್ದರು.

ಇಂಥ ವರ್ಷವನ್ನು ಕೆಡಿಸಿದವನು ನಾನು.

ಕಾರ್ತಿಕದಲ್ಲಿ ಅವರ ತಂಗಿಯ ಮಗಳ ಮದುವೆ ವಾಡಿಯಲ್ಲಿತ್ತು. ನಾಲ್ಕು ದಿನ ಹೊಲ ನೋಡಿಕೊಳ್ಳಲು ನನಗೆ ಹೇಳಿದರು. “ಏನೂ ಮಾಡಬ್ಯಾಡ್ರಿ ಮಾಸ್ತರ. ದನ ಹೊಗದಂಗ ನೋಡ್ರಿ, ಅಷ್ಟ ಸಾಕು.” ಮೊದಲ ದಿನ ಏನೂ ಮಾಡಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಸುತ್ತಲಿನ ಅಂಚಿನ ಸಾಲುಗಳೆಲ್ಲ ಕೆಂಪಿಟ್ಟಿವೆ. ಎಲೆ ಮುಟ್ಟಿದರೆ ಬೆರಳಿಗೆ ತುಕ್ಕಿನ ಪುಡಿ ಹತ್ತುತ್ತದೆ. ಒಳಗಿನ ಸಾಲುಗಳಲ್ಲಿ ಮಾತ್ರ ಇನ್ನೂ ಏನೂ ಕಾಣದು. ನಾನು ಕನ್ನಡದ ಮಾಸ್ತರ. ಆದರೆ ನಮ್ಮ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಎಂದೂ ತುಂಬಲಿಲ್ಲವಾಗಿ ಹನ್ನೊಂದು ವರ್ಷ ಅದನ್ನೂ ಕಲಿಸಿದ್ದೆ. ‘ರೋಗ ತಗುಲಿದ ಗಿಡಗಳನ್ನು ಬುಡಸಹಿತ ಕಿತ್ತು ಸುಡಬೇಕು’ ಎಂಬ ವಾಕ್ಯವನ್ನು ಎಷ್ಟು ಮಕ್ಕಳಿಂದ ಎಷ್ಟು ಸಲ ಬರೆಯಿಸಿದ್ದೇನೋ! ಗೆಳೆಯ ಊರಲ್ಲಿಲ್ಲ, ಪಿಡುಗು ಒಳಗೆ ಹಬ್ಬುವ ಮೊದಲೇ ತಡೆಯಬೇಕು. ಎರಡಾಳು ಕರೆದು ಅಂಚಿನ ಸಾಲುಗಳನ್ನೆಲ್ಲ ಕೀಳಿಸಿ, ಹೊಳೆಯ ದಡದಲ್ಲಿ ಒಟ್ಟಿ, ನಿಂತು ಸುಡಿಸಿದೆ. ಅಂದು ಮಧ್ಯಾಹ್ನ ಬಹಳ ತೃಪ್ತಿಯಿಂದ ಉಂಡೆ.

ಆ ಅಂಚಿನ ಸಾಲುಗಳು ಬೇಗ ರೋಗಕ್ಕೆ ತುತ್ತಾಗುವ ದುರ್ಬಲ ತಳಿಯವು. ರೋಗವನ್ನು ಮೊದಲು ಅವುಗಳಿಗೆ ಬರಿಸಿ, ಅಲ್ಲಿಂದ ಗಾಳಿಯಲ್ಲಿ ಒಳಗಿನ ಎಲ್ಲ ಸಾಲುಗಳಿಗೂ ಸಮನಾಗಿ ಹಬ್ಬಿಸಬೇಕೆಂದೇ ಬಿತ್ತಿದ್ದು. ಮಡಿವಾಳಯ್ಯನವರು ಇದನ್ನು ನನಗೆ ಹೇಳಿರಲಿಲ್ಲವೆಂದರೆ ಸುಳ್ಳಾದೀತು. ಹೇಳಿದ್ದರು. ಆದರೆ ನಾನು ಅಂದು ಅವರು ‘ಹಬ್ಬುವುದು’ ಎನ್ನುವಲ್ಲಿ ‘ಹಬ್ಬಿಸುವುದು’ ಎಂದದ್ದನ್ನು ಮನಸ್ಸಿನಲ್ಲಿ ತಿದ್ದುತ್ತ ಕುಳಿತಿದ್ದೆನಾಗಿ ಅರ್ಥದ ಕಡೆಗೆ ಗಮನ ಹರಿಯಲಿಲ್ಲ.

ಅವರು ಮದುವೆಯ ಬುಂದೆಯುಂಡೆಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ನಗುತ್ತ ಬಂದರು. ಬದುವಿನ ಮೇಲೆ ಎರಡು ಹೆಜ್ಜೆ ಇಟ್ಟು ನಿಂತವರು ಮೂರನೆಯದನ್ನು ಇಡಲಿಲ್ಲ.

“ಅಂಚಿನ ಸಾಲು ಎಲ್ಲಿ ಹ್ವಾದ್ವು ಮಾಸ್ತರ?”

“ಭಾಳ ರೋಗ ಹತ್ತಿತ್ರಿ. ನೀವಿರಲಿಲ್ಲ. ನಾನ ಕಿತ್ತಿಸಿದೆ.”

“ಕಿತ್ತು?”

“ಸುಟ್ಟೆ. ಒಂದೆಲಿ ಸೈತ ಬಿಟ್ಟಿಲ್ಲ.”

ಅವರು ಬದುವಿನ ಮೇಲೆ ಕುಳಿತುಬಿಟ್ಟರು. ಟೋಪಿ ತೆಗೆದರು, ಮತ್ತೆ ಇಟ್ಟುಕೊಂಡರು. ಆಮೇಲೆ ವಿಷಯವನ್ನು ಮೆಲ್ಲಗೆ, ಏಳನೆಯ ಇಯತ್ತೆಯ ಹುಡುಗನಿಗೆ ಹೇಳುವಂತೆ, ನನಗೆ ಮತ್ತೊಮ್ಮೆ ಹೇಳಿದರು. “ಅಯ್ಯನವರ, ನನಗ ನಾಲ್ಕು ಬೈದುಬಿಡ್ರಿ” ಎಂದೆ. ಅವರು ನನ್ನ ಮುಖ ನೋಡಿದರು. ಹೊಟ್ಟೆಯೊಳಗೆಲ್ಲೋ ಹುಟ್ಟಿದ ನಗು ಕೋಟನ್ನು ಕುಲುಕಿಸುತ್ತ ಮೇಲೆ ಬಂತು. “ಏನಂತ ಬೈಲಿ? ರೋಗದ ಗಿಡ ಕಿತ್ತು ಸುಡ್ರಿ ಅಂತ ಮೂವತ್ತೈದು ವರ್ಷ ಹೇಳೀನಿ, ಒಬ್ಬ ರೈತನೂ ಇಷ್ಟು ಸ್ವಚ್ಛ ಮಾಡಿಲ್ಲರಿ. ಒಂದೆಲಿ ಸೈತ ಬಿಟ್ಟಿಲ್ಲಂತ!” ಎಂದು ಕಣ್ಣೊರೆಸಿಕೊಂಡು, ಕಿಸೆಯಿಂದ ಉಂಡೆ ತೆಗೆದು ಕೊಟ್ಟರು. ಅದನ್ನು ಹಾಗೆಯೇ ಮನೆಗೆ ಒಯ್ದೆ.

ಮನೆಯಲ್ಲಿ ಅನಸೂಯಾಬಾಯಿ, “ಒಂಬತ್ತು!” ಎಂದಳು. “ಇಷ್ಟು ದಿವಸ ಆರು ಏಳರಾಗ ಇದ್ರಿ, ಇವತ್ತು ಒಂಬತ್ತಕ್ಕ ಮುಟ್ಟಿದ್ರಿ.”

ಕೇಂದ್ರದ ಅಧಿಕಾರಿ ಶ್ರೀವಾಣಿ, ವಯಸ್ಸಿನಲ್ಲಿ ಚಿಕ್ಕವಳಾದರೂ ಮಾತಿನಲ್ಲಿ ತೂಕದ ಹೆಣ್ಣುಮಗಳು, ಫೋನಿನಲ್ಲಿಯೇ ತೀರ್ಪು ಕೊಟ್ಟಳು. ಕೇಂದ್ರದಲ್ಲಿ ಕೂಡಿಟ್ಟ ರೋಗದ ಪುಡಿ ಮುಗಿದಿದೆ. ಹತ್ತು ದಿನದೊಳಗೆ ಹೊಸ ತುಕ್ಕಿನೆಲೆ ಸಾಕಷ್ಟು ಸಿಕ್ಕರೆ, ಅದನ್ನು ನೀರಿನಲ್ಲಿ ಕಲಸಿ ಸಾಲುಗಳಿಗೆ ನೇರವಾಗಿ ಸಿಂಪಡಿಸಬಹುದು. ಸಿಗದಿದ್ದರೆ ಈ ವರ್ಷದ ಹಾಳೆಯ ಮೇಲೆ ಗೀಟು.

ಮಾರನೆಯ ಬೆಳಿಗ್ಗೆ ಮಡಿವಾಳಯ್ಯನವರು ಸ್ಕೂಟರ್ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದರು. ಲಕೋಟೆಗಳಿಂದ ಕೆಲಸವಾಗದೆಂದು ಹೆಗಲಿಗೆ ದೊಡ್ಡದೊಂದು ಬಟ್ಟೆಯ ಜೋಳಿಗೆ. “ಏರ್ರಿ ಮಾಸ್ತರ. ಸುಟ್ಟವರು ನೀವು, ಬೇಡಲಿಕ್ಕೂ ನೀವ ಬರಬೇಕು.”

ರೋಗವನ್ನು ಹುಡುಕುವುದು ಇಷ್ಟು ಕಷ್ಟವೆಂದು ನಾನು ತಿಳಿದಿರಲಿಲ್ಲ. ತನ್ನ ಹೊಲಕ್ಕೆ ರೋಗ ಬಂದಿದೆಯೆಂದು ಯಾವ ರೈತನೂ ಒಪ್ಪುವುದಿಲ್ಲ. ಸುದ್ದಿ ಹಬ್ಬಿದರೆ ಮೇವಿನ ಕಣಿಕೆ ಕೇಳುವವರಿಲ್ಲ. ಚಿತ್ತಾಪುರದ ಕಡೆ ಹೊಲಗಳು ಔಷಧಿ ಹೊಡೆಸಿಕೊಂಡು ಕನ್ನಡಿಯಂತಿದ್ದವು. ಮಡಿವಾಳಯ್ಯನವರು ಒಂದೊಂದನ್ನೂ ನೋಡಿ “ಥೂ” ಎನ್ನುತ್ತಿದ್ದರು. ಶಹಾಬಾದದ ದಾರಿಯಲ್ಲಿ ಪರ್ಸಿ ಕಲ್ಲಿನ ಲಾರಿಗಳ ಧೂಳು ಎಲೆಗಳ ಮೇಲೆ ಕುಳಿತು ಎಲ್ಲವೂ ರೋಗವೆಂಬಂತೆ ಕಂಡು, ಇವರು ಇಳಿದು ಇಳಿದು ಕರವಸ್ತ್ರ ಒದ್ದೆ ಮಾಡಿ ಎಲೆಯ ಮುಖ ಒರೆಸಿದ್ದೇ ಬಂತು. ವಾಡಿಯ ಹತ್ತಿರ ಒಬ್ಬ ರೈತ, “ನಮ್ಮ ಹೊಲದಾಗ ರೋಗ ಅದ ಅಂತ ಯಾವ ಮಗಾ ಹೇಳ್ದ?” ಎಂದು ಬಾರುಕೋಲು ಹಿಡಿದೇ ಬಂದ. “ಯಾರೂ ಹೇಳಿಲ್ಲೋ ಯಪ್ಪಾ, ಇದ್ರ ಒಂದೀಟು ಕೊಡು ಅಂತ ಕೇಳಾಕತ್ತೀನಿ” ಎಂದರು ಇವರು. ಅವನು ಬಾರುಕೋಲು ಕೆಳಗಿಟ್ಟು ದಾರಿ ಬಿಟ್ಟ. ಅವನ ಹೊಲದಲ್ಲಿ ಸಿಕ್ಕಿದ್ದು ಹನ್ನೊಂದು ಎಲೆ.

ಮೂರನೆಯ ದಿನ ಚಿಂಚೋಳಿಯ ಕಡೆ ಹೋದೆವು. ಚಂದಾಪುರ ದಾಟಿ, ಕಾಡಿನಂಚಿನ ಒಂದು ಊರಲ್ಲಿ ನೀರು ಕುಡಿಯಲು ಒಂದು ಮನೆಯ ಮುಂದೆ ನಿಂತೆವು. ವಿಭೂತಿ, ಕರಡಿಗೆ, ಹೆಗಲ ಜೋಳಿಗೆ ಕಂಡ ಮನೆಯೊಡತಿ ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಸೆರಗು ಹೊದ್ದು ನಿಂತಳು. ಜಂಗಮರು ಬಾಗಿಲಿಗೆ ಬಂದರೆ ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ.

“ಜ್ವಾಳ ಬ್ಯಾಡವ್ವ” ಎಂದರು ಮಡಿವಾಳಯ್ಯನವರು. “ನಿಮ್ಮ ಹೊಲದಾಗ ತುಕ್ಕ ಹತ್ತಿದ ಎಲಿ ಇದ್ರ ಅವನ್ನ ನೀಡ್ರಿ.”

“ಅಯ್ಯ ಶಿವನ!” ಆಕೆ ಮೊರವನ್ನು ಎದೆಗೊತ್ತಿಕೊಂಡಳು. “ಸ್ವಾಮೇರಿಗಿ ರೋಗ ನೀಡಿ ಯಾವ ನರಕಕ್ಕ ಹೋಗ್ಲಿ ನಾ? ಏ, ಇಲ್ಲಿ ಬರ್ರಿ! ಸ್ವಾಮೇರು ಏನೋ ಕೇಳಾಕತ್ತಾರ!”

ಹಿಂದಿನಿಂದ ಆಕೆಯ ಗಂಡ ರೇವಣಸಿದ್ದ ಕೈ ಒರೆಸಿಕೊಳ್ಳುತ್ತ ಬಂದ. ಮಾತು ಕೇಳಿ ಮೊದಲು ನಾಚಿದ, ಆಮೇಲೆ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ. “ಯಾರ ಮುಂದೂ ಹೇಳಬ್ಯಾಡ್ರಿ. ಹಿತ್ತಲ ಹೊಲ ಪೂರಾ ಕೆಂಪಾಗ್ಯದ.”

ಹಿತ್ತಲ ಹೊಲಕ್ಕೆ ಹೋಗಿ ನಿಂತಾಗ ಮಡಿವಾಳಯ್ಯನವರ ಮುಖವನ್ನು ನಾನು ವರ್ಣಿಸಲಾರೆ. ದೇವರ ಗದ್ದುಗೆಯ ಮುಂದೆಯೂ ಅವರು ಅಷ್ಟು ಭಕ್ತಿಯಿಂದ ಕೈ ಮುಗಿದದ್ದನ್ನು ನಾನು ನೋಡಿಲ್ಲ. “ಏನ್ ಬಂದದೋ ರೇವಣಸಿದ್ದ, ಏನ್ ಬಂದದೋ! ಎಂಟು, ಎಂಟು!” ಎನ್ನುತ್ತ ಓರೆಯಾಗಿ ಸಾಲಿನೊಳಗೆ ನುಗ್ಗಿದರು. ರೇವಣಸಿದ್ದ ನನ್ನ ಕಿವಿಯಲ್ಲಿ, “ಇವರ ತಲಿ ನೆಟ್ಟಗ ಅದ ಹೌದಿಲ್ರೀ?” ಎಂದು ಕೇಳಿದ. ನಾನು ಹೌದೆಂದ ಮೇಲೆ ಅವನಿಗೂ ಹುರುಪು ಬಂತು. “ಒಯ್ರಿ ಸ್ವಾಮೇರ, ಎಲ್ಲಾ ಒಯ್ರಿ. ಒಂದೂ ಉಳಿಸಬ್ಯಾಡ್ರಿ. ಮುಂದಿನ ವರ್ಷನೂ ಬಂದ್ರ ಫೋನ್ ಹಚ್ತೀನಿ!” ಅವನ ಹೆಂಡತಿ ಮಾತ್ರ ಒಪ್ಪಲಿಲ್ಲ. ಜೋಳಿಗೆ ತುಂಬ ಎಲೆಯಾದ ಮೇಲೆಯೂ, ಇಷ್ಟನ್ನೇ ಕೊಟ್ಟು ಕಳಿಸಿದರೆ ಮನೆಗೆ ಶ್ರೇಯಸ್ಸಲ್ಲವೆಂದು, ಮೊರದ ಜೋಳವನ್ನು ನನ್ನ ಕೈಚೀಲಕ್ಕೆ ಸುರಿದೇಬಿಟ್ಟಳು.

ಅಂದು ಸಂಜೆ ನಮ್ಮ ಹಿತ್ತಲಲ್ಲಿ ಎಲೆಗಳನ್ನು ಬಕೇಟಿನ ನೀರಿನಲ್ಲಿ ತೊಳೆದೆವು. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನು ಸೋಸಲು ನಾನು ಅಡಿಗೆಮನೆಯಿಂದ ತಂದ ಅರಿವೆಯನ್ನು ಕಂಡು ಅನಸೂಯಾಬಾಯಿ, “ಅದು ಮತ್ತ ಒಳಗ ಬಂದ್ರ ನೀವು ಹೊರಗ!” ಎಂದಳು. ಇಬ್ಬನಿ ಇಳಿಯುವ ಹೊತ್ತಿಗೆ ಸಾಲುಸಾಲಿಗೂ, ಸುಳಿಸುಳಿಗೂ ಸಿಂಪಡಿಸಿದೆವು. ಮೂರು ಸಂಜೆ ಹೀಗೆ ಮಾಡಿದ ಮೇಲೆ ಕಾಯುವುದೊಂದೇ ಉಳಿಯಿತು.

ನಾನು ಪ್ರತಿದಿನ ಬೆಳಿಗ್ಗೆ ಹೋಗಿ ಕೆಳಗಿನ ಎಲೆಗಳನ್ನು ನೋಡುತ್ತಿದ್ದೆ. ಎಂಟು ದಿನ ಏನೂ ಇಲ್ಲ. ಒಂಬತ್ತನೆಯ ದಿನ, ಪರೀಕ್ಷೆಗೆ ಸಾಕ್ಷಿಯಾಗಿರಲೆಂದು ಒಳಗೆ ಬಿತ್ತಿದ್ದ ದುರ್ಬಲ ಸಾಲಿನಲ್ಲಿ, ಸೂಜಿಮೊನೆಯಷ್ಟು ಚಿಕ್ಕದಾದ ಕೆಂಪು ಚುಕ್ಕೆ. ಪಕ್ಕದ ಗಿಡದಲ್ಲಿ ಮೂರು. ಅದರಾಚೆ ಹತ್ತಾರು. ನಿವೃತ್ತ ಶಿಕ್ಷಕನೊಬ್ಬ, ಧೋತರ ಎತ್ತಿ ಕಟ್ಟಿ, “ರೋಗ ಬಂತೂ! ರೋಗ ಬಂತ್ರೀ!” ಎಂದು ಕೂಗುತ್ತ ಮಳಖೇಡದ ರಸ್ತೆಯಲ್ಲಿ ಓಡಿದ ದೃಶ್ಯವನ್ನು ನಮ್ಮೂರವರು ಇನ್ನೂ ಮರೆತಿಲ್ಲ. ಮಡಿವಾಳಯ್ಯನವರು ಬಂದು ನೋಡಿ ನನ್ನ ಬೆನ್ನು ತಟ್ಟಿದರು. “ಪಾಸಾದ್ರಿ ಮಾಸ್ತರ.”

ಎಳ್ಳಮಾವಾಸ್ಯೆ ಕಳೆದು ವಾರವಾಗಿತ್ತು. ಅಂಕ ಹಾಕುವ ದಿನ ಶ್ರೀವಾಣಿ ಬಂದಳು, ಆಡಕಿಯಿಂದ ಲತೀಫಾಬಿಯೂ ಬಂದು ಬದುವಿನ ಮೇಲೆ ಕುಳಿತಳು. ಸಾಲಿಗೆ ಹೆಸರಿಲ್ಲ, ಬರಿಯ ಸಂಖ್ಯೆ. ಯಾವುದು ಯಾರ ತಳಿಯೆಂಬ ಪಟ್ಟಿ ಕೇಂದ್ರದ ಕಪಾಟಿನಲ್ಲಿರುತ್ತದೆ. ಅಂಕ ಹಾಕುವವರ ಕಣ್ಣಿಗೆ ದಾಕ್ಷಿಣ್ಯ ಇರಬಾರದೆಂದು ಈ ಏರ್ಪಾಡು. ಮಡಿವಾಳಯ್ಯನವರು ಸಾಲಿಗೆ ಹತ್ತು ಗಿಡದಂತೆ ಬಾಗಿ ನೋಡಿ ಕೂಗುವುದು, ನಾನು ಬರೆದುಕೊಳ್ಳುವುದು. ಸಾಕ್ಷಿಯ ಸಾಲು ಎಂಟಕ್ಕೆ ಮುಟ್ಟಿತ್ತು. ರೋಗ ಚೆನ್ನಾಗಿ ಬಂದಿತ್ತು. ಎರಡು ವರ್ಷ ತಲೆಯೆತ್ತಿ ನಿಂತಿದ್ದ ಎಷ್ಟೋ ತಳಿಗಳು ಆರು, ಏಳಕ್ಕೆ ಕುಸಿದಿದ್ದವು. ಚಿಂಚೋಳಿಯ ರೋಗ ನಮ್ಮ ಕಡೆಯದಕ್ಕಿಂತ ಜೋರಿತ್ತೆಂದು ತೋರುತ್ತದೆ.

ನಲವತ್ತೊಂದನೆಯ ಸಾಲಿನ ಮುಂದೆ ಅವರು ನಿಂತರು. ಲತೀಫಾಬಿ ಎದ್ದಳು. “ಸ್ವಾಮೇರ, ಇದು...”

“ಹೇಳಬ್ಯಾಡ ಅಕ್ಕ, ಹೇಳಬ್ಯಾಡ!” ಎಂದು ಅವರು ಕೈ ಅಡ್ಡ ಹಿಡಿದರು. “ನೀ ಹೇಳದಿದ್ರೂ ನನಗ ಗೊತ್ತದ. ಇದರ ಸುಳಿ ತಿರುಗೂದು ಬ್ಯಾರೇನ ಅದ.” ಶ್ರೀವಾಣಿಯ ಕಡೆ ತಿರುಗಿದರು. “ಮೇಡಂ, ಈ ಸಾಲು ನೀವು ನೋಡ್ರಿ.”

“ಯಾಕ್ರೀ? ಮೂರು ವರ್ಷದಿಂದ ಇದರ ಸಲುವಾಗಿನ ಕಾಯ್ದೀರಿ.”

“ಅದಕ್ಕ. ನನಗ ಇದರ ಮ್ಯಾಲೆ ಮೋಹ ಅದ. ಮೂರು ಇದ್ದದ್ದು ಎರಡು ಕಾಣಸ್ತದ.”

ಹೀಗೆಂದವರು ಸಾಲಿಗೆ ಬೆನ್ನು ತಿರುಗಿಸಿ, ಕೈ ಹಿಂದೆ ಕಟ್ಟಿ, ಹೊಳೆಗೆ ಮುಖ ಮಾಡಿ ನಿಂತುಬಿಟ್ಟರು. ಶ್ರೀವಾಣಿ ಬಾಗಿದಳು. ಎರಡು. ಮೂರು. ಎರಡು. ಮೂರು. ಮೂರು. ಎರಡು. ನಾನು ಬರೆಯುತ್ತಿದ್ದೆ. ಏಳನೆಯ ಗಿಡದ ಬಳಿ ಅವಳು ಬಹಳ ಹೊತ್ತು ನಿಂತಳು.

“ನಾಲ್ಕು.”

“ನಾಲ್ಕು ಹೆಂಗ?” ಲತೀಫಾಬಿ ಬದುವಿನಿಂದ ಇಳಿದೇ ಬಂದಳು. “ಧೂಳ ಅದು! ವರಸಿ ನೋಡವ್ವ, ನಿನ್ನ ಕಾಲು ಬೀಳ್ತೀನಿ!”

ಶ್ರೀವಾಣಿ ಒರೆಸಿದಳು. ಎಲೆಯನ್ನು ಬೆಳಕಿಗೆ ಹಿಡಿದಳು. “ನಾಲ್ಕೇ, ಅಮ್ಮ.”

ನನ್ನ ಕೈ ನಿಂತಿತು. ಈ ಸಾಲನ್ನು ಹೆಚ್ಚುಕಡಿಮೆ ಕೊಂದವನು ನಾನು. ಈಗ ಒಂದು ಅಂಕಿಯನ್ನು ಕೊಂಚ ಕೆಳಗಿಳಿಸಿದರೆ ಯಾರಿಗೇನು ನಷ್ಟ, ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವುದು ಎಲೆಯ ಮೇಲಿನ ಒಂದೆರಡು ಬೆರಳಗಲ ಎಂದೆಲ್ಲ ಮನಸ್ಸು ವಾದ ಹೂಡಿತು. ಮಡಿವಾಳಯ್ಯನವರು ತಿರುಗಲಿಲ್ಲ. ಪೆನ್ನಿನ ಸದ್ದು ನಿಂತದ್ದು ಅವರಿಗೆ ಕೇಳಿಸಿರಬೇಕು.

“ನಾಲ್ಕಂದ್ರ ನಾಲ್ಕ ಬರೀರಿ ಮಾಸ್ತರ” ಎಂದರು ಹೊಳೆಗೆ ಹೇಳುವಂತೆ. ಬೆನ್ನ ಹಿಂದೆ ಕಟ್ಟಿದ ಅವರ ಬೆರಳುಗಳು ಮಾತ್ರ ಒಂದನ್ನೊಂದು ಗಟ್ಟಿಯಾಗಿ ಹಿಡಿದು ಬೆಳ್ಳಗಾಗಿದ್ದವು. ನಾಲ್ಕು ಬರೆದೆ.

ಮೂರು. ಎರಡು. ಮೂರು. ಹತ್ತು ಗಿಡ ಮುಗಿದವು. ನಾನು ಎರಡು ಸಲ ಕೂಡಿದೆ, ಶ್ರೀವಾಣಿ ಒಂದು ಸಲ ಕೂಡಿದಳು. ಇಪ್ಪತ್ತೇಳು. ಸರಾಸರಿ ಮೂರರೊಳಗೆ.

“ಅಂದ್ರ?” ಎಂದಳು ಲತೀಫಾಬಿ.

“ಅಂದ್ರ ನಿಮ್ಮತ್ತಿ ಹೆಸರು ಹೇಳ್ರಿ ಅಮ್ಮ, ಬರಕೊಳ್ತೀನಿ” ಎಂದಳು ಶ್ರೀವಾಣಿ.

ಲತೀಫಾಬಿ ಹಾಳೆಯ ಮೇಲೆ ಬಾಗಿದಳು. “ರಶೀದಾಬೇಗಂ. ಪೂರಾ ಬರೀರಿ. ಬೇಗಂ ಬಿಡಬ್ಯಾಡ್ರಿ, ಆಕಿ ಭಾಳ ಸಿಟ್ಟಿನಾಕಿ!” ಎಂದು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ಮಡಿವಾಳಯ್ಯನವರು ತಿರುಗಿದರು. ನೇರವಾಗಿ ಏಳನೆಯ ಗಿಡದ ಬಳಿ ಹೋಗಿ, ಮೊಣಕಾಲೂರಿ, ಆ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, “ಖರೇ ಅದ, ನಾಲ್ಕ” ಎಂದರು. ಅಷ್ಟು ಸಂತೋಷದಿಂದ ಯಾರೂ ತಮಗೆ ಪ್ರಿಯವಾದದ್ದರ ದೋಷವನ್ನು ಒಪ್ಪಿದ್ದನ್ನು ನಾನು ಕೇಳಿಲ್ಲ.

ಶಾಲೆಯಲ್ಲಿದ್ದಷ್ಟು ಕಾಲ ನಾನು ನಿಷ್ಪಕ್ಷಪಾತಿಯೆಂದೇ ಹೆಸರು ಪಡೆದವನು. ಆದರೂ ಮೆಚ್ಚಿನ ಹುಡುಗನ ಉತ್ತರಪತ್ರಿಕೆ ಕೈಗೆ ಬಂದಾಗ ಅದನ್ನು ಇನ್ನೊಬ್ಬ ಮಾಸ್ತರರಿಗೆ ದಾಟಿಸಿ ಕಿಟಕಿಯ ಕಡೆ ತಿರುಗಿ ನಿಂತದ್ದು ನೆನಪಿಲ್ಲ. ಹಾಗೆ ನಿಲ್ಲಬಹುದೆಂಬುದೇ ಹೊಳೆದಿರಲಿಲ್ಲ. ಪ್ರೀತಿಯಿಲ್ಲದವರು ನಿಷ್ಠುರವಾಗಿ ಅಳೆಯುವುದು ದೊಡ್ಡ ಮಾತಲ್ಲ. ಬೆನ್ನಿನಲ್ಲೇ ಕಿವಿಯಿಟ್ಟು ನಿಲ್ಲುವಷ್ಟು ಪ್ರೀತಿ ತುಂಬಿದ್ದೂ, ಆ ಪ್ರೀತಿಯನ್ನೇ ನಂಬದೆ ಅಳತೆಗೋಲನ್ನು ಇನ್ನೊಬ್ಬರ ಕೈಗೆ ಕೊಡಬಲ್ಲವರು ಬೇರೆಯೇ ಒಂದು ಜಾತಿಯ ಮನುಷ್ಯರು. ಅವರು ದೊಡ್ಡ ಹುದ್ದೆಗಳಲ್ಲಿ ಸಿಗುವುದು ಕಡಿಮೆ. ಹೊಲದಲ್ಲಿ, ತಕ್ಕಡಿಯ ಹಿಂದೆ, ಸಣ್ಣ ಕಚೇರಿಯ ಮೂಲೆಯಲ್ಲಿ ಇರುತ್ತಾರೆ. ನಾವು ತಿನ್ನುವ ರೊಟ್ಟಿಯ ಹಿಂದೆ ಅಂಥವರೊಬ್ಬರು ಎಲ್ಲೋ ಒಂದು ಬೆಳಿಗ್ಗೆ, ತಮಗೆ ಬೇಡವಾದ ಒಂದು ಅಂಕಿಯನ್ನು ಇದ್ದಂತೆಯೇ ಬರೆಯಿಸಿರುತ್ತಾರೆ. ಆ ಅಂಕಿ ಸುಳ್ಳಲ್ಲವಾದ್ದರಿಂದಲೇ ರೈತರು ಬೀಜವನ್ನು ನಂಬಿ ಬಿತ್ತುತ್ತಾರೆ.